ವರ್ಗಕ್ಕೆ ಹತ್ತೇ ಪಿಕ್ಸೆಲ್: ಪುಟ್ಟ ನರಜಾಲವೊಂದನ್ನು ಕಟ್ಟಿದ ನನ್ನ ಅನುಭವ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಹೈಪರ್‌ಸ್ಪೆಕ್ಟ್ರಲ್ ಚಿತ್ರಗಳ (ಬೆಳಕನ್ನು ನೂರಾರು ಕಿರಿದಾದ ತರಂಗಪಟ್ಟಿಗಳಾಗಿ ಬಿಡಿಸಿ ಸೆರೆಹಿಡಿದವು) ವರ್ಗೀಕರಣಕ್ಕೆ, ಅಂದರೆ ಪ್ರತಿ ಪಿಕ್ಸೆಲ್‌ನಲ್ಲಿ ಯಾವ ಬೆಳೆ ಅಥವಾ ನೆಲವಿದೆ ಎಂದು ಗುರುತಿಸುವುದಕ್ಕೆ, ಕೈಹಾಕಿದಾಗ ನನ್ನಲ್ಲಿದ್ದದ್ದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಮತ್ತು ಇಂಡಿಯನ್ ಪೈನ್ಸ್ ಎಂಬ ಹಳೆಯ ದತ್ತಾಂಶ. ಅಮೆರಿಕದ ಇಂಡಿಯಾನಾದ ಹೊಲಗಳನ್ನು 1992ರ ಜೂನ್‌ನಲ್ಲಿ ಏವಿರಿಸ್ ಸಂವೇದಕವು ವಿಮಾನದಿಂದ ಸೆರೆಹಿಡಿದ ಈ ಚಿತ್ರ 145×145 ಪಿಕ್ಸೆಲ್‌ಗಳದ್ದು. ನೀರಾವಿಯು ಬೆಳಕನ್ನು ಹೀರಿಕೊಳ್ಳುವ ತರಂಗಪಟ್ಟಿಗಳನ್ನು ಕಳೆದ ಮೇಲೂ ಪ್ರತಿ ಪಿಕ್ಸೆಲ್‌ಗೆ 200 ಪಟ್ಟಿಗಳು ಉಳಿಯುತ್ತವೆ. ಆದರೆ 16 ವರ್ಗಗಳಲ್ಲಿ ಒಂದಾದ ಓಟ್ಸ್‌ಗೆ ಇರುವುದು ಇಪ್ಪತ್ತೇ ಪಿಕ್ಸೆಲ್. ಆದ್ದರಿಂದ ವರ್ಗಕ್ಕೆ ಹತ್ತರಂತೆ 160 ಪಿಕ್ಸೆಲ್‌ಗಳಲ್ಲೇ ಕಲಿಸುವುದೆಂದು ನಿಶ್ಚಯಿಸಿದೆ.

ಮೊದಲು 2019ರ ಹೈಬ್ರಿಡ್‌ಎಸ್‌ಎನ್ ಎಂಬ ನರಜಾಲವನ್ನು, ಅಂದರೆ ಉದಾಹರಣೆಗಳಿಂದ ಕಲಿಯುವ ಪದರಪದರವಾದ ಲೆಕ್ಕಾಚಾರದ ಮಾದರಿಯನ್ನು, ಓಡಿಸಿದೆ. ಅದರ ಸುಮಾರು 51 ಲಕ್ಷ ನಿಯತಾಂಕಗಳಲ್ಲಿ (ಕಲಿಯುವಾಗ ಜಾಲ ಹೊಂದಿಸಿಕೊಳ್ಳುವ ಸಂಖ್ಯೆಗಳಲ್ಲಿ) 47 ಲಕ್ಷ ಒಂದೇ ಒಂದು ಡೆನ್ಸ್ ಪದರದಲ್ಲಿ, ಅಂದರೆ ಒಳಬರುವ ಪ್ರತಿಯೊಂದನ್ನೂ ಹೊರಹೋಗುವ ಪ್ರತಿಯೊಂದಕ್ಕೂ ಜೋಡಿಸುವ ಪದರದಲ್ಲಿ, ಕುಳಿತಿವೆ ಎಂಬುದು ಪದರವಾರು ಲೆಕ್ಕ ತೆಗೆದು ನೋಡಿದಾಗಲೇ ತಿಳಿದದ್ದು. ನನ್ನ ಜಾಲದಲ್ಲಿ ಆ ಪದರವನ್ನೇ ಕೈಬಿಟ್ಟು, ಚಿತ್ರದಿಂದ ಹೆಕ್ಕಿದ ಲಕ್ಷಣಗಳನ್ನು ತೋರಿಸುವ ಕೊನೆಯ 64 ನಕ್ಷೆಗಳಲ್ಲಿ ಪ್ರತಿಯೊಂದರ ಸರಾಸರಿಯನ್ನು ನೇರವಾಗಿ ವರ್ಗಗಳಿಗೆ ಜೋಡಿಸಿದೆ. ಅಲ್ಲಿಗೆ ಬೇಕಾದದ್ದು 1,040 ನಿಯತಾಂಕಗಳಷ್ಟೇ. ಹಲವು ಪಟ್ಟಿಗಳ ಮಾಹಿತಿಯನ್ನು ಕೆಲವೇ ಪಟ್ಟಿಗಳಿಗೆ ಅಡಕಗೊಳಿಸುವ ಪಿಸಿಎ ವಿಧಾನದ ಮೂಲಕ ಪಟ್ಟಿಗಳನ್ನು 30ಕ್ಕೆ ಇಳಿಸಿದೆ. ಪುಟ್ಟ ಜಾಲರಿಯನ್ನು ಚಿತ್ರದ ಮೇಲೆ ಸರಿಸುತ್ತ ಲಕ್ಷಣಗಳನ್ನು ಹೆಕ್ಕುವ ಸಾಮಾನ್ಯ ಕನ್ವಲ್ಯೂಷನ್ ಬದಲು, ಪ್ರತಿ ನಕ್ಷೆಯನ್ನು ಬೇರೆಬೇರೆಯಾಗಿ ಸಂಸ್ಕರಿಸಿ ಆಮೇಲೆ ಬೆರೆಸುವ ಡೆಪ್ತ್‌ವೈಸ್ ಸೆಪರಬಲ್ ಕನ್ವಲ್ಯೂಷನ್ ಬಳಸಿದ್ದರಿಂದ, 64 ನಕ್ಷೆಗಳಿಂದ 64 ನಕ್ಷೆಗಳಿಗೆ ಹೋಗುವ 3×3 ಪದರವೊಂದರ ತೂಕಗಳು (ನಿಯತಾಂಕಗಳು) 36,864ರಿಂದ 4,672ಕ್ಕೆ ಇಳಿದವು.

ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು, ನಂಬಬಾರದಿತ್ತು ಕೂಡ. ಪ್ರತಿ ಪಿಕ್ಸೆಲ್‌ನ ಸುತ್ತ 11×11 ಚೌಕವನ್ನು ಕತ್ತರಿಸಿ ಜಾಲಕ್ಕೆ ಕೊಡುತ್ತಿದ್ದೆ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಚೌಕಗಳಲ್ಲಿ 121ಕ್ಕೆ 110 ಪಿಕ್ಸೆಲ್‌ಗಳು ಒಂದೇ ಆಗಿರುತ್ತವೆ. ಕಲಿಕೆಯ ಮತ್ತು ಪರೀಕ್ಷೆಯ ಪಿಕ್ಸೆಲ್‌ಗಳನ್ನು ಕಣ್ಣುಮುಚ್ಚಿ ಆಯ್ದರೆ ಪರೀಕ್ಷೆಯ ಪ್ರಶ್ನೆಗಳು ತರಬೇತಿಯಲ್ಲೇ ಸೋರಿಹೋಗುತ್ತವೆ. ಕಲಿಸಲು ಕೆಲವು ಹೊಲಗಳು, ಪರೀಕ್ಷಿಸಲು ಬೇರೆಯೇ ಹೊಲಗಳು ಎಂದು ವಿಂಗಡಿಸಿ, ಹಾಗೆ ಬೇರ್ಪಡಿಸಲಾಗದ ವರ್ಗಗಳನ್ನು ಬಿಟ್ಟು ಮತ್ತೆ ಓಡಿಸಿದಾಗ ಎರಡೂ ಜಾಲಗಳ ಅಂಕ ಕುಸಿಯಿತು. ದೊಡ್ಡದರದ್ದು ಹೆಚ್ಚು ಕುಸಿಯಿತು. ಈ ವಿಂಗಡಣೆಯನ್ನು ಮೊದಲೇ ಮಾಡಿದ್ದರೆ ವಾರಗಟ್ಟಲೆ ಸಮಯ ಉಳಿಯುತ್ತಿತ್ತು.

ಉಳಿದ ತಪ್ಪುಗಳಲ್ಲಿ ಬಹುಪಾಲು ಮೆಕ್ಕೆಜೋಳದವು. ಉಳುಮೆಯಿಲ್ಲದ್ದು, ಅಲ್ಪ ಉಳುಮೆಯದ್ದು, ಬರೀ ಮೆಕ್ಕೆಜೋಳ ಎಂಬ ಮೂರು ವರ್ಗಗಳನ್ನು ಜಾಲ ಒಂದರೊಡನೊಂದು ಬೆರೆಸುತ್ತಿತ್ತು. ಮುಂಗಾರಿಗೆ ಬಿತ್ತಿದ ನಮ್ಮ ಸುತ್ತಲಿನ ಹೊಲಗಳನ್ನು ಮೊದಲ ವಾರಗಳಲ್ಲಿ ನೋಡಿದವರಿಗೆ ಇದರ ಕಾರಣ ಹೊಳೆಯುತ್ತದೆ: ಎಳೆಯ ಪೈರು ನೆಲವನ್ನು ಮುಚ್ಚಿರುವುದಿಲ್ಲ, 20 ಮೀಟರ್ ಅಗಲದ ಪಿಕ್ಸೆಲ್‌ನಲ್ಲಿ ಎಲೆಗಿಂತ ಮಣ್ಣು ಮತ್ತು ಹಿಂದಿನ ಬೆಳೆಯ ಕೂಳೆಯೇ ಹೆಚ್ಚು ಕಾಣುತ್ತದೆ. ಮೂರನ್ನೂ ಒಂದೇ ವರ್ಗವಾಗಿಸಿದಾಗ ಆ ಗೊಂದಲ ತೀರಿತಾದರೂ ಸೋಯಾಬೀನ್‌ನೊಡನೆ ಆಗುವ ಗೊಂದಲ ಹಾಗೆಯೇ ಉಳಿದಿದೆ. ಅಲ್ಲಿಯೂ ಮೇಲೆ ಕಾಣುವುದು ಅದೇ ಮಣ್ಣು.