ಮುಚ್ಚಿದ ವರದಿ ಮೆಮೊರಿಯಲ್ಲೇ ಉಳಿದಾಗ

ನಾನು ನೋಡಿಕೊಳ್ಳುತ್ತಿದ್ದ ವೆಬ್ ಆ್ಯಪ್ ಇಡಿಯಾಗಿ ಒಂದೇ ಪುಟದಲ್ಲಿ ನಡೆಯುವಂಥದ್ದು. ಬಳಕೆದಾರರು ಬೆಳಿಗ್ಗೆ ತೆರೆದ ಟ್ಯಾಬನ್ನು ಸಂಜೆಯವರೆಗೂ ಮುಚ್ಚುತ್ತಿರಲಿಲ್ಲ. ಪ್ರತಿ ಕ್ಲಿಕ್ಕಿಗೂ ಪುಟ ಹೊಸದಾಗಿ ಲೋಡ್ ಆಗುವ ತಾಣಗಳಲ್ಲಿ ಹಳೆಯದೆಲ್ಲ ತಾನಾಗಿ ಅಳಿದುಹೋಗುವುದರಿಂದ ಸಣ್ಣ ಮೆಮೊರಿ ಸೋರಿಕೆಗಳು, ಅಂದರೆ ಕೆಲಸ ಮುಗಿದರೂ ಬಿಡುಗಡೆಯಾಗದೆ ಉಳಿಯುವ ಮೆಮೊರಿ, ಯಾರನ್ನೂ ಕಾಡುವುದಿಲ್ಲ. ಇಲ್ಲಿ ಮಾತ್ರ ಚಾರ್ಟುಗಳಿರುವ ವರದಿಯನ್ನು ತೆರೆದು ಮುಚ್ಚುತ್ತ ಹೋದಂತೆಲ್ಲ ಟ್ಯಾಬ್ ತೆವಳತೊಡಗುತ್ತಿತ್ತು.

ಮೆಮೊರಿ ಏರುತ್ತಿದೆ ಎಂದ ಮಾತ್ರಕ್ಕೆ ಅದು ಸೋರಿಕೆಯಲ್ಲ. ಬೇಡವಾದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ತನಗೆ ಬೇಕೆನಿಸಿದಾಗಷ್ಟೇ ಕೆಲಸ ಮಾಡುತ್ತದೆಯಾದ್ದರಿಂದ, ಕ್ರೋಮ್ ಬ್ರೌಸರಿನ ತಪಾಸಣಾ ಸಲಕರಣೆಯಾದ ಡೆವ್‌ಟೂಲ್ಸ್‌ನಲ್ಲಿ ಅದನ್ನು ಬಲವಂತವಾಗಿ ಓಡಿಸಿದ ಮೇಲೂ ಕೆಳಮಟ್ಟ ಏರುತ್ತಲೇ ಇದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಡಾಮ್ ನೋಡ್‌ಗಳ (ಪುಟದ ಘಟಕಗಳ) ಮತ್ತು ಇವೆಂಟ್ ಲಿಸನರ್‌ಗಳ (ಘಟನೆಗಳಿಗಾಗಿ ಕಾದು ಕೂರುವ ಫಂಕ್ಷನ್‌ಗಳ) ಸಂಖ್ಯೆ ಎರಡೂ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದುದರಿಂದ ಇಲ್ಲಿ ಸಂಶಯ ಉಳಿಯಲಿಲ್ಲ.

ಅಳೆಯುವ ಮುನ್ನ ಎಕ್ಸ್‌ಟೆನ್ಶನ್‌ಗಳಿಲ್ಲದ ಇನ್‌ಕಾಗ್ನಿಟೊ ಕಿಟಕಿ ತೆರೆದು, ಮಿನಿಫೈ ಮಾಡದ (ಕೋಡಿನ ಹೆಸರುಗಳನ್ನು ಕಿರಿದಾಗಿಸದ) ಬಿಲ್ಡ್ ಹಾಕಿಕೊಂಡೆ. ಇಲ್ಲವಾದರೆ ಹೀಪ್ ಸ್ನ್ಯಾಪ್‌ಶಾಟಿನಲ್ಲಿ, ಅಂದರೆ ಆ ಕ್ಷಣದ ಮೆಮೊರಿಯ ಚಿತ್ರಣದಲ್ಲಿ, ಕ್ಲಾಸುಗಳ ಹೆಸರೆಲ್ಲ ಒಂದೊಂದೇ ಅಕ್ಷರವಾಗಿ ಕಂಡು ಏನೂ ಅರ್ಥವಾಗದು. ಕನ್ಸೋಲಿಗೆ ಆಬ್ಜೆಕ್ಟುಗಳನ್ನು ಮುದ್ರಿಸುವ ಸಾಲುಗಳನ್ನೂ ತೆಗೆದೆ, ಏಕೆಂದರೆ ಮುದ್ರಿಸಿದ ಆಬ್ಜೆಕ್ಟನ್ನು ಕನ್ಸೋಲೇ ಹಿಡಿದಿಟ್ಟುಕೊಳ್ಳುತ್ತದೆ. ಸೋರಿಕೆ ಹುಡುಕಲು ಹಾಕಿದ ಲಾಗ್‌ಗಳೇ ಸೋರಿಕೆಯಂತೆ ತೋರುವುದುಂಟು.

ನನ್ನ ಪದ್ಧತಿ ಸರಳ. ಮರುಬಳಕೆಗೆಂದು ಇಟ್ಟುಕೊಳ್ಳುವ ಕ್ಯಾಶೆಗಳೆಲ್ಲ ತುಂಬಿಕೊಳ್ಳಲೆಂದು ವರದಿಯನ್ನು ಒಮ್ಮೆ ತೆರೆದು ಮುಚ್ಚಿ ಹೀಪ್ ಸ್ನ್ಯಾಪ್‌ಶಾಟ್ ತೆಗೆಯುವುದು, ಅದೇ ಕೆಲಸವನ್ನು ಏಳು ಸಲ ಮಾಡಿ ಮತ್ತೊಂದು ತೆಗೆಯುವುದು, ಆಮೇಲೆ ಕಂಪ್ಯಾರಿಸನ್ ನೋಟದಲ್ಲಿ ಏಳು, ಹದಿನಾಲ್ಕು, ಇಪ್ಪತ್ತೊಂದರಂತೆ ಹೆಚ್ಚಾದವನ್ನು ಹುಡುಕುವುದು. ಹತ್ತು ಎಂಬ ಸಂಖ್ಯೆ ಬೇರೆ ಕಾರಣಗಳಿಗೂ ಕಾಣಿಸಿಕೊಳ್ಳಬಹುದು. ಏಳರ ಗುಣಕಗಳು ಆಕಸ್ಮಿಕವಾಗಿ ಬರುವುದು ಅಪರೂಪ. ಚಾರ್ಟಿನ ಆಬ್ಜೆಕ್ಟುಗಳು ಸರಿಯಾಗಿ ಏಳು ಹೆಚ್ಚಾಗಿದ್ದವು, ಅವುಗಳ ಜೊತೆಗೆ ಡಿಟ್ಯಾಚ್ಡ್ ಕ್ಯಾನ್ವಾಸ್‌ಗಳೂ (ಪುಟದಿಂದ ಕಳಚಿದರೂ ಮೆಮೊರಿಯಲ್ಲಿ ಉಳಿದ ಚಿತ್ರಫಲಕಗಳು) ಅಷ್ಟೇ ಇದ್ದವು. ಷ್ಯಾಲೋ ಸೈಜ್ (ಆಬ್ಜೆಕ್ಟಿನ ಸ್ವಂತ ಗಾತ್ರ) ನೋಡಿದರೆ ಒಂದೊಂದೂ ಗಣನೆಗೆ ಬಾರದಷ್ಟು ಚಿಕ್ಕದು; ರಿಟೇನ್ಡ್ ಸೈಜ್ (ಅದು ಹಿಡಿದಿಟ್ಟಿರುವುದೆಲ್ಲ ಸೇರಿದ ಗಾತ್ರ) ನೋಡಿದಾಗಲೇ ಅವು ಎಷ್ಟು ದತ್ತಾಂಶವನ್ನು ತಮ್ಮೊಂದಿಗೆ ಎಳೆದುಕೊಂಡು ಕೂತಿವೆ ಎಂಬುದು ತಿಳಿದದ್ದು.

ಇದಾದ ಮೇಲೆ ಗಾತ್ರದ ಗೊಡವೆ ಬಿಟ್ಟು, ಯಾರು ಹಿಡಿದುಕೊಂಡಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ರಿಟೇನರ್ಸ್ ಪಟ್ಟಿಯಲ್ಲಿ ಕ್ಯಾನ್ವಾಸಿನಿಂದ ಚಾರ್ಟಿಗೆ, ಚಾರ್ಟಿನಿಂದ ಬೈಂಡ್ ಆದ (ಒಂದು ಆಬ್ಜೆಕ್ಟಿಗೆ ಕಟ್ಟಿಹಾಕಿದ) ಒಂದು ಫಂಕ್ಷನ್‌ಗೆ, ಅಲ್ಲಿಂದ ವಿಂಡೋಗೆ ಸರಪಳಿ ಸಾಗಿತ್ತು. ಕೋಡಿನಲ್ಲಿ ವಿಂಡೋದ ಗಾತ್ರ ಬದಲಾಗುವುದನ್ನು ಕೇಳುವ ರಿಸೈಜ್ ಲಿಸನರನ್ನು ತೆಗೆಯುವ ಸಾಲು ಇದ್ದೇ ಇತ್ತು. ಆದರೆ ಸೇರಿಸುವಾಗಲೂ ತೆಗೆಯುವಾಗಲೂ ಅಲ್ಲಲ್ಲೇ ಬೈಂಡ್ ಮಾಡಲಾಗಿತ್ತು. ಬೈಂಡ್ ಪ್ರತಿಸಲವೂ ಹೊಸ ಫಂಕ್ಷನ್ನನ್ನೇ ಕೊಡುವುದರಿಂದ, ಬ್ರೌಸರ್ ಆ ಹೆಸರಿನವರು ಇಲ್ಲಿಲ್ಲವೆಂಬಂತೆ ಎರರ್ ಕೂಡ ತೋರಿಸದೆ ಸುಮ್ಮನಾಗುತ್ತಿತ್ತು. ಎಲ್ಲ ಲಿಸನರ್‌ಗಳಿಗೂ ಒಮ್ಮೆಲೇ ಎಲ್ಲವನ್ನೂ ರದ್ದುಮಾಡಬಲ್ಲ ಒಂದೇ ಅಬಾರ್ಟ್‌ಕಂಟ್ರೋಲರ್‌ನ ಸಿಗ್ನಲ್ ಕೊಟ್ಟು, ಚಾರ್ಟ್ ಮುಚ್ಚುವಾಗ ಒಮ್ಮೆ ಅಬಾರ್ಟ್ ಕರೆಯುವಂತೆ ಬದಲಿಸಿದೆ.

ಕ್ಯಾನ್ವಾಸ್‌ಗಳು ಹೋದವು, ದೊಡ್ಡ ಅರೇಗಳು (ದತ್ತಾಂಶದ ಪಟ್ಟಿಗಳು) ಮಾತ್ರ ಹೋಗಲಿಲ್ಲ. ಅವುಗಳನ್ನು ಹಿಡಿದಿದ್ದುದು ಒಂದು ಸೆಟ್‌ಇಂಟರ್ವಲ್‌ನ, ಅಂದರೆ ಮತ್ತೆ ಮತ್ತೆ ಓಡುವ ಟೈಮರಿನ, ಕಾಲ್‌ಬ್ಯಾಕ್ ಫಂಕ್ಷನ್. ಅದು ವರದಿಯ ಐಡಿಯನ್ನಷ್ಟೇ ಬಳಸುತ್ತಿತ್ತು, ಅರೇಯನ್ನು ಮುಟ್ಟುತ್ತಲೇ ಇರಲಿಲ್ಲ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಆದ ವಿ8ನಲ್ಲಿ, ಒಂದೇ ಸ್ಕೋಪಿನೊಳಗೆ ಹುಟ್ಟಿದ ಕ್ಲೋಷರ್‌ಗಳೆಲ್ಲ (ಸುತ್ತಲಿನ ವೇರಿಯಬಲ್‌ಗಳನ್ನು ನೆನಪಿಟ್ಟುಕೊಳ್ಳುವ ಫಂಕ್ಷನ್‌ಗಳು) ಆ ವೇರಿಯಬಲ್‌ಗಳನ್ನಿಡುವ ಒಂದೇ ಕಾಂಟೆಕ್ಸ್ಟನ್ನು ಹಂಚಿಕೊಳ್ಳುತ್ತವೆ. ಪಕ್ಕದ ಇನ್ನೊಂದು ಫಂಕ್ಷನ್ ಅರೇಯನ್ನು ಬಳಸಿತ್ತೆಂಬ ಕಾರಣಕ್ಕೆ ಆ ಅರೇ ಕಾಂಟೆಕ್ಸ್ಟಿಗೆ ಸೇರಿ, ಟೈಮರ್ ಬದುಕಿರುವವರೆಗೂ ಉಳಿದಿತ್ತು. ಕೋಡ್ ಓದಿ ಇದನ್ನು ಊಹಿಸುವುದು ಬಹುತೇಕ ಅಸಾಧ್ಯ. ಟೈಮರನ್ನು ನಿಲ್ಲಿಸುವುದರ ಜೊತೆಗೆ ಅದನ್ನು ಹುಟ್ಟಿಸುವ ಕೋಡನ್ನು ಬೇರೆ ಫಂಕ್ಷನ್‌ಗೆ ಸಾಗಿಸಿದೆ.

ಇಂಥಲ್ಲಿ ಆಬ್ಜೆಕ್ಟನ್ನು ಹಿಡಿದಿಡದೆ ಬರಿದೆ ತೋರುವ ವೀಕ್‌ರೆಫ್ ಬಳಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ: ಯಾವುದು ಯಾವಾಗ ಮುಗಿಯಬೇಕೆಂಬ ನಿರ್ಧಾರವನ್ನು ನಾವೇ ಬರೆಯುವ ಬದಲು ಕಲೆಕ್ಟರಿನ ಮರ್ಜಿಗೆ ಬಿಟ್ಟಂತಾಗುತ್ತದೆ.

ಈಗ ಇದೇ ತೆರೆದು ಮುಚ್ಚುವ ಪರೀಕ್ಷೆಯನ್ನು ಮೆಟಾ 2022ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಮೆಮ್‌ಲ್ಯಾಬ್ ಎಂಬ ಸಲಕರಣೆಯ ಮೂಲಕ ಓಡಿಸುತ್ತೇನೆ. ಒಂದು ಕ್ರಿಯೆಯನ್ನೂ ಅದರಿಂದ ಹಿಂದಿರುಗುವ ಬಗೆಯನ್ನೂ ಬರೆದುಕೊಟ್ಟರೆ ಅದು ಬ್ರೌಸರನ್ನು ನಡೆಸಿ, ಬಿಡುಗಡೆಯಾಗದೆ ಉಳಿದ ಆಬ್ಜೆಕ್ಟುಗಳ ರಿಟೇನರ್ ಸರಪಳಿಯನ್ನು ಮುದ್ರಿಸುತ್ತದೆ. ಬೇಕೆಂದೇ ಇಟ್ಟುಕೊಂಡ ಕ್ಯಾಶೆಗಳನ್ನೂ ಅದು ಕೆಲವೊಮ್ಮೆ ಸೋರಿಕೆಯೆಂದು ತೋರಿಸುವುದರಿಂದ, ಅವುಗಳನ್ನು ಸೋಸುವ ಫಿಲ್ಟರನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ.