ಫೋನ್ ಕಿತ್ತುಕೊಳ್ಳದೆ ಗ್ರೂಪಿನ ಕಾಟ ನಿಲ್ಲಿಸಿದ್ದು: ನನ್ನ ಅನುಭವ

ಮಗುವಿನ ಕೈಯಿಂದ ಫೋನ್ ಕಿತ್ತುಕೊಳ್ಳದೆ, ಕಾಟ ಕೊಟ್ಟವನನ್ನು ಎಲ್ಲರೆದುರು ನಿಲ್ಲಿಸಿ ಬೈಯದೆ ಆನ್‌ಲೈನ್ ಕಿರುಕುಳ ನಿಲ್ಲಿಸಬಹುದು ಅಂತ ನಾನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಮೊಬೈಲೇ ಇಲ್ಲದಿದ್ರೆ ಕಾಟ ಎಲ್ಲಿಂದ ಬರುತ್ತೆ ಮೇಡಂ?" ಅಂದರು ಹಿರಿಯ ಮೇಷ್ಟ್ರೊಬ್ಬರು. ಅದಾಗಿ ಮೂರು ವರ್ಷದ ಮೇಲಾಯಿತು. ನಾನು ಬರೆದಿಡುವ ನೋಟ್‌ಬುಕ್ಕಿನಲ್ಲಿ ಹೆಚ್ಚು ಕಮ್ಮಿ ನಲವತ್ತು ಪ್ರಕರಣಗಳಿವೆ. ಅದರಲ್ಲಿ ಮೂವತ್ತರಷ್ಟು ಒಂದೆರಡು ವಾರದಲ್ಲೇ ತಣ್ಣಗಾಗಿವೆ, ಮತ್ತೆ ತಲೆ ಎತ್ತಿಲ್ಲ. ಅದೇ ಮೇಷ್ಟ್ರು ಈಗ "ನಿಮ್ಮ ಮಂತ್ರ ಏನೋ ಇದ್ಯಲ್ಲ, ಹಾಕಿ" ಅಂತ ಮಕ್ಕಳನ್ನು ನನ್ನ ಕೋಣೆಗೆ ಕಳಿಸುತ್ತಾರೆ. ಬೇರೆ ಶಾಲೆಗಳ ಸಮಾಲೋಚಕರು ಕೇಳುತ್ತಲೇ ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಬ್ಲಾಕ್, ರಿಪೋರ್ಟ್, ಪ್ರೈವಸಿ ಸೆಟ್ಟಿಂಗ್ ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲು ದುಡ್ಡು ಹೋದ ದಾರಿ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಸಮಾಲೋಚನೆ ವಿಭಾಗಕ್ಕೆ ವರ್ಷಕ್ಕೆ ಸಿಗುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ನಿಗಾ ಆ್ಯಪಿನ ಚಂದಾಕ್ಕೆ ಹೋಯಿತು. ಕೆಟ್ಟ ಪದ ಕಂಡರೆ ನನಗೆ ಎಚ್ಚರಿಕೆ ಬರಬೇಕು, ಅದರ ಕೆಲಸ ಅಷ್ಟೇ. ಬಂತು, ಜೀವಶಾಸ್ತ್ರದ ಹೋಮ್‌ವರ್ಕಿಗೆಲ್ಲ ಬಂತು. ಮಕ್ಕಳು ಬೈಯುವುದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗ್. ಆ್ಯಪಿನ ಪಟ್ಟಿಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ. ಅದೂ ಹೋಗಲಿ. ಏಳನೇ ತರಗತಿಯ ಒಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಒಬ್ಬ ಹುಡುಗಿ ಏನೇ ಬರೆದರೂ ಅದರ ಕೆಳಗೆ ಹದಿನೈದು ಇಪ್ಪತ್ತು ಮಂದಿ ಬರೀ ಒಂದೊಂದು ಚುಕ್ಕೆ ಇಡುತ್ತಿದ್ದರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಅವಳು ವಾರಗಟ್ಟಲೆ ಊಟ ಬಿಟ್ಟಿದ್ದಳು. ಚುಕ್ಕೆಯಲ್ಲಿ ಯಾವ ಆ್ಯಪ್ ಏನು ಕಂಡೀತು? ಇನ್ನೊಬ್ಬ ಹುಡುಗ ಸೀನುವಾಗ ತೆಗೆದ ಫೋಟೋ ಸ್ಟಿಕ್ಕರ್ ಆಗಿ ಇಡೀ ಶಾಲೆ ಸುತ್ತಿತ್ತು. ಅದರಲ್ಲೂ ಪದವೇ ಇರಲಿಲ್ಲ.

ಉಳಿದ ಹಣದಲ್ಲಿ ದೊಡ್ಡ ಪಾಲು ಒಂದು ಜಾಗೃತಿ ಭಾಷಣಕ್ಕೆ ಹೋಯಿತು. ಬಂದವರು ಚೆನ್ನಾಗಿಯೇ ಮಾತಾಡಿದರು. ಎಷ್ಟು ಚೆನ್ನಾಗಿ ಎಂದರೆ, ಮರುವಾರ ಎರಡು ಗ್ರೂಪುಗಳಲ್ಲಿ 24 ಗಂಟೆಗೆ ಸಂದೇಶ ತಾನೇ ಅಳಿಯುವ ಸೆಟ್ಟಿಂಗ್ ಆನ್ ಆಗಿತ್ತು. ಮಕ್ಕಳು ಕಲಿತದ್ದು ಅದೊಂದನ್ನೇ.

ಫೋನ್ ಕಿತ್ತುಕೊಳ್ಳುವ ಪದ್ಧತಿಗೆ ದುಡ್ಡು ಬೇಡ, ಆದರೆ ಎಲ್ಲಕ್ಕಿಂತ ದುಬಾರಿ ಅದೇ. ಫೋನ್ ಹೋದ ಮಗು ಗ್ರೂಪಿನಲ್ಲಿ ಇರುವುದಿಲ್ಲ, ಗ್ರೂಪ್ ಮಾತ್ರ ಇರುತ್ತದೆ. ಬೆಳಗ್ಗೆ ತರಗತಿಗೆ ಬಂದಾಗ ಎಲ್ಲರೂ ಯಾಕೆ ನಗುತ್ತಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. 'ಹೇಳಿದರೆ ಫೋನ್ ಹೋಗುತ್ತೆ' ಅಂತ ಉಳಿದ ಮಕ್ಕಳು ಪಾಠ ಕಲಿಯುತ್ತಾರೆ. ಆ ಪದ್ಧತಿ ಇದ್ದ ವರ್ಷ ದೂರುಗಳು ಒಂದೂ ಇಲ್ಲ ಅನ್ನುವಷ್ಟು ಇಳಿದವು. ವರದಿಯಲ್ಲಿ ಅದನ್ನು ಸಾಧನೆ ಅಂತ ಬರೆಯಲಾಯಿತು.

ಹಾಗಾಗಿ ನಾನು ಹಿಡಿದ ಮೊದಲ ಎಳೆ ಒಂದು ಚೀಟಿ. 'ನನ್ನ ಮಗು ಆನ್‌ಲೈನ್ ಕಾಟದ ಬಗ್ಗೆ ಹೇಳಿದರೆ, ಹೇಳಿದ ಕಾರಣಕ್ಕೆ ಫೋನ್ ಕಸಿಯುವುದಿಲ್ಲ, ಅಕೌಂಟ್ ಅಳಿಸುವುದಿಲ್ಲ' ಎಂದು ಅಪ್ಪ ಅಮ್ಮ ಸಹಿ ಹಾಕಬೇಕು. ಮೊದಲ ಸಲ ಅರ್ಧದಷ್ಟು ಮಂದಿಯೂ ಹಾಕಲಿಲ್ಲ. "ಸಲಿಗೆ ಕೊಟ್ಟಂಗಾಗುತ್ತೆ ಮೇಡಂ" ಅನ್ನುವುದು ಅಪ್ಪಂದಿರ ವಾದ. ಆಮೇಲೆ ಒಂದು ಸಾಲು ಸೇರಿಸಿದೆ: ರಾತ್ರಿ ಫೋನುಗಳೆಲ್ಲ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ, ಅಪ್ಪ ಅಮ್ಮನದ್ದೂ ಸೇರಿ. ಆ ಸಾಲು ಬಂದ ಮೇಲೆ ತಾಯಂದಿರು ತಾವೇ ಮುಂದೆ ಬಿದ್ದು ಸಹಿ ಹಾಕಿಸಿದರು. ಮಕ್ಕಳು ಬಾಯಿ ಬಿಡಲು ಶುರುಮಾಡಿದ್ದು ಆ ಚೀಟಿಯಿಂದ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಪುರಾವೆ ವಿಷಯದಲ್ಲಿ ನನ್ನ ಹಟ ಒಂದೇ: ಮೊದಲು ಪುರಾವೆ, ಬ್ಲಾಕ್ ಆಮೇಲೆ, ಅದೂ ಬೇಕಾದರೆ. ವಾಟ್ಸ್ಯಾಪಿನಲ್ಲಿ ಎಲ್ಲರಿಗೂ ಅಳಿಯುವಂತೆ ಸಂದೇಶ ತೆಗೆಯಲು ಕಳಿಸಿದವನಿಗೆ ಸುಮಾರು ಎರಡು ದಿನ ಸಮಯ ಇರುತ್ತದೆ. ಆದ್ದರಿಂದ ನಾಳೆ ನೋಡೋಣ ಅನ್ನುವಂತಿಲ್ಲ. ಸ್ಕ್ರೀನ್‌ಶಾಟನ್ನು ಕತ್ತರಿಸಬಾರದು, ಗ್ರೂಪಿನ ಹೆಸರು, ನಂಬರ್, ಹೊತ್ತು ಎಲ್ಲ ಕಾಣಬೇಕು. ಅದಕ್ಕಿಂತ ಒಳ್ಳೆಯದು ಗ್ರೂಪನ್ನು ಮೇಲಿನಿಂದ ಕೆಳಗೆ ಸರಿಸುತ್ತಾ ಮಾಡಿದ ಸ್ಕ್ರೀನ್ ರೆಕಾರ್ಡಿಂಗ್. ಅದನ್ನು 'ಎಡಿಟ್ ಮಾಡಿದ್ದು' ಅನ್ನಲು ಯಾರಿಗೂ ಬಾಯಿ ಬಂದಿಲ್ಲ. ಚಾಟನ್ನೇ ರಿಪೋರ್ಟ್ ಮಾಡಿದರೆ ಕಂಪನಿಗೆ ಹೋಗುವುದು ಆ ಚಾಟಿನ ಕೊನೆಯ ಐದು ಸಂದೇಶ. ಕಾಟದ ಮಾತಿನ ಮೇಲೆ ನೂರು ಗುಡ್ ಮಾರ್ನಿಂಗ್ ಬಿದ್ದ ಮೇಲೆ ಒತ್ತಿ ಪ್ರಯೋಜನವಿಲ್ಲ.

ಇನ್‌ಸ್ಟಾಗ್ರಾಮಿನಲ್ಲಿ ನಾನು ಬಳಸುವುದು 2019ರಲ್ಲಿ ಬಂದ 'ರಿಸ್ಟ್ರಿಕ್ಟ್'. ಕಾಟ ಕೊಡುವವನ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತದೆ, ಮಗು ಆನ್‌ಲೈನ್ ಇದೆಯೋ ಮೆಸೇಜ್ ಓದಿತೋ ಅವನಿಗೆ ತಿಳಿಯುವುದಿಲ್ಲ. ಬ್ಲಾಕ್ ಮಾಡಿದರೆ ಅವತ್ತೇ ಗೊತ್ತಾಗಿ, ಸಂಜೆಗೆ ಹೊಸ ನಕಲಿ ಅಕೌಂಟ್ ಹುಟ್ಟುತ್ತದೆ. ರಿಸ್ಟ್ರಿಕ್ಟ್ ನನಗೆ ಒಂದೆರಡು ವಾರ ಕೊಡುತ್ತದೆ, ನನಗೆ ಅಷ್ಟು ಸಾಕು. ನಕಲಿ ಅಕೌಂಟಿನ 'ಎಬೌಟ್ ದಿಸ್ ಅಕೌಂಟ್' ತೆರೆದು ಅದು ಶುರುವಾದ ತಿಂಗಳನ್ನೂ ನೋಡಿ. ಒಂದು ಪ್ರಕರಣದಲ್ಲಿ ಎಲ್ಲರೂ ಹೊಸದಾಗಿ ಸೇರಿದ ಹುಡುಗನ ಮೇಲೆ ಬಿದ್ದಿದ್ದರು. ಅಕೌಂಟ್ ಅವನು ನಮ್ಮ ಶಾಲೆಗೆ ಬರುವುದಕ್ಕೂ ಮುಂಚಿನದು, ಒಳಗೆ ಇದ್ದದ್ದು ನಮ್ಮದೇ ಹಳೆಯ ಮಕ್ಕಳ ಫೋಟೋ.

ಇನ್ನು ತಿರುಳು. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲೇ ಕಾಟ ನಡೆಯುವ ತರಗತಿಯನ್ನು ಪಾತ್ರಗಳಾಗಿ ಬಿಡಿಸಿ ತೋರಿಸಿದ್ದಾರೆ: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನಿರುವವರು, ಪರ ನಿಲ್ಲುವವರು. ಅಲ್ಲಿನ ಟುರ್ಕು ವಿಶ್ವವಿದ್ಯಾಲಯ ಶಾಲೆಗಳಲ್ಲಿ ಕಿರುಕುಳ ತಡೆಯಲು ರೂಪಿಸಿದ ಕೀವಾ ಕಾರ್ಯಕ್ರಮ ನಿಂತಿರುವುದು ಇದೇ ನೆಲದ ಮೇಲೆ. ನಾನು ಅದನ್ನು ಫೋನಿಗೆ ಇಳಿಸಿದೆ. ಸುಮ್ಮನಿರುವವರಲ್ಲಿ ಮೂವರನ್ನು ಬೇರೆ ಬೇರೆಯಾಗಿ ಕರೆದು ಎರಡೇ ಕೆಲಸ ಕೊಡುತ್ತೇನೆ. ಆ ಗ್ರೂಪಿನಲ್ಲಿ ನಗುವ ಇಮೋಜಿ ಒತ್ತಬೇಡ. ರಾತ್ರಿ ಆ ಮಗುವಿಗೆ ಪ್ರತ್ಯೇಕವಾಗಿ ಒಂದು ಮೆಸೇಜ್ ಹಾಕು, ಏನಾದರೂ ಸರಿ, ಲೆಕ್ಕದ ಡೌಟ್ ಆದರೂ ಸರಿ. ಗ್ರೂಪಿನಲ್ಲಿ ಜಗಳಕ್ಕೆ ಇಳಿಯಲೇಬಾರದು. ಮೂವತ್ತು ಮಂದಿಯ ಗ್ರೂಪಿನಲ್ಲಿ ನಿಜಕ್ಕೂ ನಗುವವರು ಏಳೆಂಟು ಜನ. ಅದರಲ್ಲಿ ಇಬ್ಬರು ಮೂವರು ಕೈ ಹಿಂದೆ ತೆಗೆದರೆ ಸಾಕು, ಕಾಟದ ಮುಂದಾಳು ಗಾಳಿ ಹೋದ ಬಲೂನಾಗುತ್ತಾನೆ. ಚುಕ್ಕೆಯ ಪ್ರಕರಣ ಹೀಗೆಯೇ ಮುಗಿದದ್ದು, ಐದಾರು ದಿನದಲ್ಲಿ.

ಆ ಮೂವರನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇಂಥದ್ದನ್ನು ನಮಗಿಂತ ಮೊದಲು ಮಕ್ಕಳು ಹುಡುಕಿ ಓದುತ್ತಾರೆ. ಕ್ಲಾಸ್ ಲೀಡರನ್ನು ಮಾತ್ರ ಆರಿಸಬೇಡಿ.

ಮುಂದಾಳಿನ ಜೊತೆಗಿನ ಮಾತಿಗೆ ನನ್ನ ಗುರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಅನಾಟೋಲ್ ಪಿಕಾಸ್. ತಪ್ಪು ಹೊರಿಸದೆ, ಒಬ್ಬೊಬ್ಬರನ್ನೇ ಕರೆದು, ಆ ಮಗು ಕಷ್ಟದಲ್ಲಿದೆ ಅನ್ನುವ ಒಂದು ವಿಷಯಕ್ಕೆ ತಲೆಯಾಡಿಸುವಂತೆ ಮಾಡಿ, ನೀನೇನು ಮಾಡಬಲ್ಲೆ ಅಂತ ಕೇಳುವುದು. ಏಳೆಂಟು ನಿಮಿಷದ ಕೆಲಸ. "ಬೈಯದೇ ಕಳಿಸಿದ್ರಾ?" ಅಂತ ಸಹೋದ್ಯೋಗಿಗಳು ಬೆರಗಾಗುತ್ತಿದ್ದರು. ನನ್ನ ಹತ್ತಿರ ಅಷ್ಟೆಲ್ಲ ಸ್ಕ್ರೀನ್ ರೆಕಾರ್ಡಿಂಗ್ ಇದ್ದರೂ ಅವನಿಗೆ ತೋರಿಸುವುದಿಲ್ಲ. ತೋರಿಸಿದ ಕ್ಷಣ ಅವನು ವಕೀಲನಾಗುತ್ತಾನೆ. ಅದು ಅಪ್ಪ ಅಮ್ಮನಿಗೆ, ಆಡಳಿತ ಮಂಡಳಿಗೆ, ಮುಂದೆ ಬೇಕಾದರೆ ಪೊಲೀಸರಿಗೆ. ನನ್ನ ಮೊದಲ ವಾಕ್ಯವನ್ನೂ ಗುಟ್ಟಾಗಿಯೇ ಇಡುತ್ತೇನೆ, ಕ್ಷಮಿಸಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವ ನಾಟಕ ನನ್ನ ಕೋಣೆಯಲ್ಲಿ ಇಲ್ಲ.

ಸಮಬಲರ ಜಗಳಕ್ಕೆ ಇದು ನಡೆಯುವುದಿಲ್ಲ. ಕಿರುಕುಳದ ಬಗ್ಗೆ ಸಂಶೋಧನೆ ಮಾಡಿದ ಡಾನ್ ಓಲ್ವೇಯಸ್ ಹೇಳಿದ ಬಲದ ಏರುಪೇರು, ಅಂದರೆ ಒಬ್ಬರ ಕೈ ಮೇಲಾಗಿರುವುದು, ಇಲ್ಲದಿದ್ದರೆ ಇಬ್ಬರೂ ನನ್ನನ್ನು ನೋಡಿ ನಗುತ್ತಾರೆ, ನಕ್ಕಿದ್ದಾರೆ. ಬೆತ್ತಲೆ ಚಿತ್ರ, ಬ್ಲ್ಯಾಕ್‌ಮೇಲ್, ದೊಡ್ಡವರ ಕೈವಾಡ ಇದ್ದರೆ ಮೇಲೆ ಹೇಳಿದ್ದೆಲ್ಲ ರದ್ದು. ಆ ಚಿತ್ರವನ್ನು ಪುರಾವೆ ಅಂತ ನಿಮ್ಮ ಫೋನಿಗೆ ತರಿಸಿಕೊಳ್ಳಲೇಬೇಡಿ. ನೇರ ಪೊಲೀಸರ ಹತ್ತಿರ ಹೋಗಿ, ಜೊತೆಗೆ ಇಂಥ ಚಿತ್ರಗಳನ್ನು ಆನ್‌ಲೈನಿನಿಂದ ತೆಗೆಸಲು ಇರುವ 'ಟೇಕ್ ಇಟ್ ಡೌನ್' ಸೇವೆ ಬಳಸಿ. ಅದು ಮಗುವಿನ ಫೋನಿನಲ್ಲೇ ಚಿತ್ರದ ಡಿಜಿಟಲ್ ಬೆರಳಚ್ಚು ಮಾಡಿಕೊಳ್ಳುತ್ತದೆ, ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. 18 ತುಂಬುವ ಮೊದಲಿನ ಚಿತ್ರಗಳಿಗೆ ಮಾತ್ರ, ಅದಕ್ಕೆ ಸೇರಿಕೊಂಡ ಕಂಪನಿಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ.

ನಡುವೆ ಕೆಲವು ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಹೆಸರಿಲ್ಲದ ಆನ್‌ಲೈನ್ ದೂರು ಫಾರ್ಮ್ ಒಂದು ತಿಂಗಳು ನಡೆಯಿತು. ಕಾಟ ತಿನ್ನುತ್ತಿದ್ದ ಹುಡುಗನ ಮೇಲೇ, ಕಾಟ ಕೊಡುವವರೇ ಹತ್ತಾರು ದೂರು ತುಂಬಿಸಿದರು. ಮುಚ್ಚಿದೆ. ರಾತ್ರಿ ಒಂಬತ್ತರ ಮೇಲೆ ಅಡ್ಮಿನ್ ಮಾತ್ರ ಬರೆಯುವಂತೆ ಗ್ರೂಪ್ ಕಟ್ಟಿದೆ. ನಾನಿಲ್ಲದ ಇನ್ನೊಂದು ಗ್ರೂಪ್ ಎರಡು ದಿನದೊಳಗೆ ಹುಟ್ಟಿತು. ವಾರಕ್ಕೊಬ್ಬ ಅಡ್ಮಿನ್ ಅನ್ನುವುದು ಮಾತ್ರ ಪೂರ್ತಿ ಸೋತಿಲ್ಲ. ಬೇರೆಯವರ ಸಂದೇಶವನ್ನೂ ಅಳಿಸುವ ಅಧಿಕಾರ ಸಿಕ್ಕಾಗ ಮಕ್ಕಳು ಗಂಭೀರವಾಗುತ್ತಾರೆ. ಒಬ್ಬ ತನ್ನ ವಾರದಲ್ಲಿ ಇಡೀ ತರಗತಿಯನ್ನೇ ಹೊರಹಾಕಿದ್ದು ಬೇರೆ ಮಾತು. ಒಂದು ಸೆಕ್ಷನ್‌ನಲ್ಲಿ ಅದು ಈಗಲೂ ನಡೆಯುತ್ತಿದೆ.

ಈಗಿನ ಖರ್ಚು ಚೀಟಿಗಳ ಜೆರಾಕ್ಸ್ ಮತ್ತು ಒಂದು ನೋಟ್‌ಬುಕ್. ಸಮಯ ಮಾತ್ರ ಬೇಕು, ಒಂದು ಪ್ರಕರಣಕ್ಕೆ ಎಲ್ಲ ಸೇರಿ ನಾಲ್ಕೈದು ಗಂಟೆ. ಆ್ಯಪಿನ ಚಂದಾ ನಿಲ್ಲಿಸಿದ ದುಡ್ಡಿನಲ್ಲಿ ನನ್ನ ಕೊನೆಯ ಪೀರಿಯಡ್ಡುಗಳಿಗೆ ಅರೆಕಾಲಿಕ ಶಿಕ್ಷಕರೊಬ್ಬರನ್ನು ಹಾಕಿಸಿಕೊಂಡೆ. ಮಂಡಳಿಯನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು.

ಸೋತ ಹತ್ತರಲ್ಲಿ ಹೆಚ್ಚಿನವು ಗೇಮ್‌ಗಳ ವಾಯ್ಸ್ ಚಾಟಿನವು. ಮಾತು ಸಾಮಾನ್ಯವಾಗಿ ದಾಖಲಾಗಿರುವುದಿಲ್ಲ, ಬೈದವನು ಯಾವ ದೇಶದವನೋ. ಕರೆದು ಕೂರಿಸಲು ಪಿಕಾಸ್‌ಗೂ ಆಗದು. ಅಲ್ಲಿ ವಾಯ್ಸನ್ನು ಸ್ನೇಹಿತರಿಗೆ ಮಾತ್ರ ಅಂತ ಬದಲಿಸಿ ಕೊಡುವುದಷ್ಟೇ ಸದ್ಯಕ್ಕೆ ನಾನು ಮಾಡುತ್ತಿರುವುದು. ಉಳಿದವು ರಜೆ ಮುಗಿದು ಶಾಲೆ ಶುರುವಾದಾಗ ಮರುಕಳಿಸಿದವು. ಹಾಗಾಗಿ ಎರಡು ವಾರಕ್ಕೆ, ಆರು ವಾರಕ್ಕೆ ವಿಚಾರಿಸುವುದರ ಜೊತೆಗೆ ರಜೆ ಕಳೆದ ಮೊದಲ ವಾರವನ್ನೂ ಈಗ ಹಳೆಯ ಪ್ರಕರಣದ ಮಕ್ಕಳಿಗೆಂದೇ ಖಾಲಿ ಇಟ್ಟುಕೊಳ್ಳುತ್ತೇನೆ.