ಉಪಾಧ್ಯಕ್ಷ ಅಭ್ಯರ್ಥಿಗಳ ತೆರಿಗೆ ಪತ್ರ ಓದಿದ ಆರು ವಾರ: ನನ್ನ ಅನುಭವ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ವಾಷಿಂಗ್ಟನ್ನಿನ ಸಮೀಪ ನೆಲೆಸಿ ಇಪ್ಪತ್ತು ವರ್ಷಗಳಿಗೂ ಮೀರಿ ಇತರರ ಆದಾಯ ತೆರಿಗೆಯ ಕಾಗದಪತ್ರಗಳನ್ನು ಓದುತ್ತಿದ್ದೇನೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯೊಂದರಲ್ಲಿ, ಉಪಾಧ್ಯಕ್ಷ ಸ್ಥಾನಕ್ಕೆ ತಮ್ಮ ಜೊತೆ ಯಾರು ನಿಲ್ಲಬೇಕೆಂದು ಅಭ್ಯರ್ಥಿಯೊಬ್ಬರು ತೀರ್ಮಾನಿಸುವ ಮುನ್ನ ಹೆಸರುಗಳ ಪೂರ್ವಾಪರ ವಿಚಾರಿಸಿದ ತಂಡದಲ್ಲಿ ಆರು ವಾರ ಕೆಲಸ ಮಾಡಿದೆ. ಯಾವ ವರ್ಷ, ಯಾವ ಪಕ್ಷ ಎಂಬುದನ್ನು ಹೇಳುವಂತಿಲ್ಲ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ. ಕೆಲಸ ನಡೆಯುವ ಬಗೆಯೇನೂ ಗುಟ್ಟಲ್ಲವಾದ್ದರಿಂದ, ಕಾಗದ ಓದುವವನ ಕುರ್ಚಿಯಿಂದ ಅದು ಹೇಗೆ ಕಾಣುತ್ತದೆ ಎಂಬುದನ್ನು ಬರೆಯಲು ಅಡ್ಡಿಯಿಲ್ಲ.

ರನ್ನಿಂಗ್ ಮೇಟ್ ಎಂದು ಇಲ್ಲಿ ಕರೆಯುವ ಈ ಎರಡನೆಯ ಅಭ್ಯರ್ಥಿಗೆ ಮತದಾರರು ಪ್ರತ್ಯೇಕವಾಗಿ ಮತ ಹಾಕುವುದಿಲ್ಲ. ಪಕ್ಷದ ಮಹಾಧಿವೇಶನ ಅನುಮೋದನೆ ಕೊಡುತ್ತದೆಯಾದರೂ ಅದು ಈಗ ಶಾಸ್ತ್ರಕ್ಕೆ ನಡೆಯುವ ಕೆಲಸ. ಆಯ್ಕೆ ಅಧ್ಯಕ್ಷೀಯ ಅಭ್ಯರ್ಥಿಯೊಬ್ಬರದೇ. ಹಾಗಾಗಿ ಆಯ್ಕೆ ಕೆಟ್ಟರೆ ಹೊಣೆಯೂ ಅವರೊಬ್ಬರದೇ. 1972ರ ಜುಲೈ 13ರಂದು, ಮಯಾಮಿ ಬೀಚಿನಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆಯುತ್ತಿದ್ದಾಗ, ಅಧ್ಯಕ್ಷೀಯ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಒಬ್ಬರಾದ ಮೇಲೊಬ್ಬರನ್ನು ಕೇಳಿ, ಹಲವರಿಂದ ಒಲ್ಲೆನೆನ್ನಿಸಿಕೊಂಡು, ಗಡುವು ಮುಗಿಯುವ ಹೊತ್ತಿಗೆ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಒಪ್ಪಿಸಿದರು. ಪೂರ್ವಾಪರ ವಿಚಾರಣೆ ಎಂದು ನಡೆದದ್ದು ಒಂದು ಫೋನ್ ಮಾತುಕತೆ ಮಾತ್ರ: ನಮಗೆ ತಿಳಿದಿರಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂಬ ಉತ್ತರ ಬಂದಿತ್ತು. ಈಗಲ್ಟನ್ ಖಿನ್ನತೆಗಾಗಿ ಮೂರು ಬಾರಿ ಆಸ್ಪತ್ರೆಗೆ ದಾಖಲಾಗಿದ್ದರು, ವಿದ್ಯುತ್ ಆಘಾತದ ಚಿಕಿತ್ಸೆಯನ್ನೂ ಪಡೆದಿದ್ದರು ಎಂಬುದು ಬಳಿಕ ಹೊರಬಂದಿತು. ಹದಿನೆಂಟೇ ದಿನಗಳಲ್ಲಿ ಅವರು ಹಿಂದೆ ಸರಿದರು. ಸಾರ್ಜೆಂಟ್ ಶ್ರೈವರ್ ಆ ಜಾಗಕ್ಕೆ ಬಂದರು. ಮೆಕ್‌ಗವರ್ನ್ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳನ್ನು ಸೋತರು. ಸೋಲಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ನನ್ನಂಥ ಲೆಕ್ಕಿಗರನ್ನು ಈ ಕೆಲಸಕ್ಕೆ ಕರೆಯುವ ಪದ್ಧತಿ ಬೆಳೆದದ್ದು ಆ ಫೋನ್ ಕರೆಯಿಂದಲೇ. ಮುಂದಿನ ಚುನಾವಣೆಯಲ್ಲಿ ಜಿಮ್ಮಿ ಕಾರ್ಟರ್ ಅವಸರ ಮಾಡದೆ, ಪರಿಗಣನೆಯಲ್ಲಿದ್ದ ಹಲವರನ್ನು ಜಾರ್ಜಿಯಾದ ಪ್ಲೇನ್ಸ್ ಎಂಬ ತಮ್ಮ ಊರಿಗೇ ಕರೆಸಿಕೊಂಡು ಮಾತನಾಡಿ, ಆಮೇಲೆ ವಾಲ್ಟರ್ ಮೊಂಡೇಲ್ ಅವರನ್ನು ಆರಿಸಿದರು.

ನಮ್ಮ ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ವಕೀಲರು. ಎಲ್ಲರದೂ ಸಂಬಳವಿಲ್ಲದ ದುಡಿಮೆ. ಮೊದಲ ಸುತ್ತಿನ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳನ್ನು ಅವರಿಗೇ ತಿಳಿಯದಂತೆ, ಸಾರ್ವಜನಿಕ ದಾಖಲೆಗಳಿಂದಷ್ಟೇ ಜಾಲಿಸಿದ್ದರು. ನನ್ನ ಪಾಲಿಗೆ ಬಂದದ್ದು ಉಳಿದ ಐವರ ಹತ್ತು ಹತ್ತು ವರ್ಷಗಳ ತೆರಿಗೆ ವಿವರ, ಮತ್ತು ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಗೆ ಅವರು ಬರೆದುಕೊಟ್ಟ ಉತ್ತರ. ಕಿಟಕಿಯಿಲ್ಲದ ಕೋಣೆ, ಮೊಬೈಲ್ ಹೊರಗಿನ ಪೆಟ್ಟಿಗೆಯಲ್ಲಿ, ಪ್ರತಿ ಪ್ರತಿಗೂ ಒಂದು ಸಂಖ್ಯೆ, ಸಂಜೆ ಹೊರಡುವಾಗ ಪುಟ ಎಣಿಸಿ ಒಪ್ಪಿಸಬೇಕು. ಕಾಗದದ ಮೇಲೆ ಹೆಸರು ಬರೆಯಬಾರದು, ಒಂದರಿಂದ ಐದರವರೆಗೆ ಅಂಕಿ ಬಳಸಬೇಕು ಎಂಬ ನಿಯಮವಿತ್ತು. ಅಂಕಿಗಳ ರಾಶಿಯಲ್ಲಿ ಮನುಷ್ಯರಿಗೂ ಅಂಕಿಯಿಟ್ಟರೆ ನನಗೆ ಗೊಂದಲವಾಗುತ್ತದೆಂದು, ನನ್ನ ಟಿಪ್ಪಣಿ ಪುಸ್ತಕದಲ್ಲಿ ಐವರಿಗೂ ಮರದ ಹೆಸರು ಕೊಟ್ಟೆ: ಹೊನ್ನೆ, ಬೀಟೆ, ತೇಗ, ಮತ್ತಿ, ನಂದಿ. ಬರೆದದ್ದೂ ಕನ್ನಡದಲ್ಲಿ. ನನ್ನ ತಂದೆಯವರು ಶಿವಮೊಗ್ಗದ ಮರದ ಡಿಪೋ ಒಂದರಲ್ಲಿ ಕಿರ್ದಿ ಬರೆಯುತ್ತಿದ್ದರು. ದಿನದ ಮೊತ್ತ ಹಾಕುವ ಮುನ್ನ ಅವರು ಗೇಟಿನಲ್ಲಿ ಲಾರಿಗಳನ್ನು ಗುರುತು ಹಾಕಿಕೊಂಡ ಪುಸ್ತಕವನ್ನೂ ಕಿರ್ದಿಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಾಡಿಸುತ್ತಿದ್ದುದು ನೆನಪಿದೆ. ಆ ಕೋಣೆಯಲ್ಲಿ ನಾನು ಮಾಡಿದ್ದೂ ಅದನ್ನೇ: ಎಡಗಡೆ ಅವರು ಹೇಳಿದ ಉತ್ತರ, ಬಲಗಡೆ ಅವರು ಸರ್ಕಾರಕ್ಕೆ ಸಲ್ಲಿಸಿದ ಕಾಗದ.

ಹೊನ್ನೆಯವರ ಕಡತದಲ್ಲಿ ಮೂರನೆಯ ದಿನ ಬೆರಳು ನಿಂತಿತು. ಮನೆಗೆಲಸಕ್ಕೋ ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಯಾರನ್ನಾದರೂ ಇಟ್ಟುಕೊಂಡಿದ್ದಿರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದಿದ್ದರು. ಈ ಪ್ರಶ್ನೆಗೂ ಒಂದು ಇತಿಹಾಸವಿದೆ. 1993ರ ಜನವರಿಯಲ್ಲಿ ಬಿಲ್ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಹೆಸರಿಸಿದ್ದ ಜೋಯಿ ಬೇರ್ಡ್ ಅವರು, ಅಕ್ರಮವಾಗಿ ನೆಲೆಸಿದ್ದ ದಂಪತಿಯನ್ನು ಮನೆಯಲ್ಲಿ ಕೆಲಸಕ್ಕಿಟ್ಟುಕೊಂಡು ಅವರ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟಿರಲಿಲ್ಲವೆಂದು ಹಿಂದೆ ಸರಿಯಬೇಕಾಯಿತು. ಆಮೇಲೆ ಈ ಪ್ರಶ್ನೆ ಕೇಳದ ಪಟ್ಟಿಯಿಲ್ಲ. ಆದರೆ ಹೊನ್ನೆಯವರ ತೆರಿಗೆ ವಿವರದಲ್ಲಿ ಮೂರು ವರ್ಷಗಳ ಕಾಲ ಫಾರ್ಮ್ 2441 ಇತ್ತು. ಶಿಶುಪಾಲನೆಯ ಖರ್ಚಿಗೆ ರಿಯಾಯಿತಿ ಕೇಳುವ ಫಾರ್ಮ್ ಅದು. ಹಣ ಪಡೆದವರ ಜಾಗದಲ್ಲಿ ಶಿಶುವಿಹಾರದ ಹೆಸರಿರಲಿಲ್ಲ, ಒಬ್ಬ ಮಹಿಳೆಯ ಹೆಸರಿತ್ತು. ಮನೆಗೆಲಸದವರ ತೆರಿಗೆ ಕಟ್ಟುವ ಶೆಡ್ಯೂಲ್ ಹೆಚ್ ಮೂರು ವರ್ಷವೂ ಇರಲಿಲ್ಲ.

ಇಷ್ಟಕ್ಕೇ ತಪ್ಪೆನ್ನುವಂತಿಲ್ಲ. ಮಗುವನ್ನು ಆಕೆಯ ಮನೆಯಲ್ಲಿ ಬಿಟ್ಟು ಬರುತ್ತಿದ್ದರೆ ಆಕೆ ಸ್ವಂತ ಉದ್ಯೋಗಿ, ತೆರಿಗೆ ಆಕೆಯ ಹೊಣೆ. ಆಕೆಯೇ ಇವರ ಮನೆಗೆ ಬಂದು, ಇವರು ಹೇಳಿದಂತೆ ನೋಡಿಕೊಂಡು, ಸಂಬಳ ಕಾನೂನಿನ ಮಿತಿ ದಾಟಿದ್ದರೆ ಇವರು ಮಾಲೀಕರು, ತೆರಿಗೆ ಇವರ ಹೊಣೆ. ಎಲ್ಲವೂ ನಿಂತದ್ದು ಮಗು ಯಾರ ಮನೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡುತ್ತಿತ್ತು ಎಂಬುದರ ಮೇಲೆ. ಸಂದರ್ಶನದಲ್ಲಿ ಕೇಳಿದಾಗ ಹೊನ್ನೆಯವರಿಗೆ ಸಿಟ್ಟು ಬಂದಿತು. ರಾಜ್ಯದ ಆಡಳಿತ ನಡೆಸಿದವನನ್ನು ಕೇಳುವ ಪ್ರಶ್ನೆಯೇ ಇದು ಎಂದರು. ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲೆರಡು ವರ್ಷ ಮಗುವನ್ನು ಆಕೆಯ ಮನೆಗೇ ಬಿಡುತ್ತಿದ್ದೆವು, ಎರಡನೆಯ ಮಗುವಾದ ಮೇಲೆ ಆಕೆಯೇ ನಮ್ಮ ಮನೆಗೆ ಬರತೊಡಗಿದರು ಎಂದು ಹೇಳಿ, ಮರುದಿನ ಹಳೆಯ ಚೆಕ್ ಪುಸ್ತಕಗಳನ್ನೇ ಕಳಿಸಿಕೊಟ್ಟರು. ಬಾಕಿ ತೆರಿಗೆ ಬಡ್ಡಿ ಸೇರಿ ಹಳೆಯ ಕಾರಿನ ಬೆಲೆಯಷ್ಟೂ ಇರಲಿಲ್ಲ. ಒಂದು ತಿದ್ದುಪಡಿ ಸಲ್ಲಿಸಿದರೆ ಮುಗಿಯುವ ಸಂಗತಿ. ನನ್ನ ಟಿಪ್ಪಣಿಯಲ್ಲಿ ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದೆ. ‘ಇಲ್ಲ’ ಎಂಬ ಉತ್ತರದ ಬಗ್ಗೆಯೂ, ಆ ಸಿಟ್ಟಿನ ಬಗ್ಗೆಯೂ ಅರ್ಧ ಪುಟ ಬರೆದೆ. ತೇಗದವರ ಕಡತದಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿತ್ತು. ಅವರು ಕುರ್ಚಿಯಲ್ಲಿ ಕುಳಿತ ಹತ್ತು ನಿಮಿಷದೊಳಗೆ, ನಾವು ಕೇಳುವ ಮೊದಲೇ ಅದನ್ನು ಪುಟಸಂಖ್ಯೆಯ ಸಮೇತ ಹೇಳಿಬಿಟ್ಟರು. ನನ್ನ ದೃಷ್ಟಿಯಲ್ಲಿ ತೇಗ ಮೇಲು. ತಂಡದ ಕಿರಿಯ ವಕೀಲರೊಬ್ಬರು ಇದನ್ನು ಒಪ್ಪಲಿಲ್ಲ. ತಪ್ಪಿನ ಗಾತ್ರವನ್ನು ಬಿಟ್ಟು ನೀವು ಸ್ವಭಾವವನ್ನು ತೂಗುತ್ತಿದ್ದೀರಿ, ಅದು ಲೆಕ್ಕಿಗರ ಕೆಲಸವಲ್ಲ ಎಂದರು. ಇರಬಹುದು.

ಇನ್ನು ನನ್ನದೇ ಎಡವಟ್ಟು. ಬೀಟೆಯವರ ಕುಟುಂಬಕ್ಕೆ ಬಾಡಿಗೆ ಬರುವ ಕಟ್ಟಡವೊಂದಿತ್ತು. ಶೆಡ್ಯೂಲ್ ಇ ಪುಟದಲ್ಲಿ ಹತ್ತು ವರ್ಷಗಳ ಬಾಡಿಗೆ, ದುರಸ್ತಿ, ಸವಕಳಿ ಎಲ್ಲವನ್ನೂ ತಾಳೆ ನೋಡಿದೆ. ಒಂದು ಡಾಲರೂ ಹೆಚ್ಚುಕಡಿಮೆ ಇರಲಿಲ್ಲ. ಬಾಡಿಗೆದಾರ ಯಾರು ಎಂದು ಮಾತ್ರ ಕೇಳಲಿಲ್ಲ, ಏಕೆಂದರೆ ಆ ಪುಟ ಅದನ್ನು ಕೇಳುವುದಿಲ್ಲ. ಬೀಟೆಯವರ ಹೆಸರು ಪತ್ರಿಕೆಗಳಲ್ಲಿ ತೇಲತೊಡಗಿದ ಎರಡೇ ದಿನಕ್ಕೆ ವರದಿಗಾರರೊಬ್ಬರು ಕೌಂಟಿಯ ನೋಂದಣಿ ಕಚೇರಿಗೆ ಹೋಗಿ, ಬಾಡಿಗೆದಾರರು ಬೀಟೆಯವರ ರಾಜ್ಯ ಸರ್ಕಾರದಿಂದಲೇ ಗುತ್ತಿಗೆ ಪಡೆದ ಸಂಸ್ಥೆಯೆಂದು ಪತ್ತೆ ಮಾಡಿದರು. ಕಾನೂನು ಮುರಿದಿರಲಿಲ್ಲ, ಆದರೂ ಹೆಸರು ಪಟ್ಟಿಯಿಂದ ಹೋಯಿತು. ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿಯಬಹುದಾಗಿದ್ದ ಸಂಗತಿ ಅದು, ಮತ್ತು ಕಟ್ಟಡಗಳ ಬಗ್ಗೆ ನನಗೆ ಎಚ್ಚರಿಕೆ ಇರಲಿಲ್ಲವೆನ್ನುವಂತೆಯೂ ಇಲ್ಲ. 1984ರಲ್ಲಿ ಮೊಂಡೇಲ್ ಅವರ ಜೊತೆ ನಿಂತ ಜೆರಾಲ್ಡಿನ್ ಫೆರಾರೊ, ಪ್ರಮುಖ ಪಕ್ಷದಿಂದ ಉಪಾಧ್ಯಕ್ಷ ಅಭ್ಯರ್ಥಿಯಾದ ಮೊದಲ ಮಹಿಳೆ. ಅವರ ಪ್ರಚಾರದ ಮೊದಲ ವಾರಗಳನ್ನು ನುಂಗಿದ್ದು ಕಟ್ಟಡ ವ್ಯವಹಾರದಲ್ಲಿದ್ದ ಪತಿಯ ತೆರಿಗೆ ಪತ್ರಗಳು. ಕೊನೆಗೆ ದಂಪತಿ ಐವತ್ತು ಸಾವಿರ ಡಾಲರಿಗೂ ಮಿಕ್ಕಿದ ಬಾಕಿ ಕಟ್ಟಿದರು. ಬಾಕಿ ಉಳಿದದ್ದು ಅವರ ಲೆಕ್ಕಿಗನ ತಪ್ಪಿನಿಂದ ಎಂಬ ವಿವರವನ್ನು ನನ್ನ ವೃತ್ತಿಯವರು ಅಷ್ಟಾಗಿ ಆಡಿಕೊಳ್ಳುವುದಿಲ್ಲ.

ಪಕ್ಕದ ಕೋಣೆಯಲ್ಲಿ ಚುನಾವಣಾ ತಂತ್ರದವರು ಯಾವ ರಾಜ್ಯ ಯಾರಿಂದ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದಲ್ಲಿ ನನಗೆ ನಂಬಿಕೆ ಕಡಿಮೆ. 1960ರಲ್ಲಿ ಜಾನ್ ಕೆನಡಿಯವರ ಜೊತೆ ನಿಂತ ಲಿಂಡನ್ ಜಾನ್ಸನ್ ತಮ್ಮ ರಾಜ್ಯವಾದ ಟೆಕ್ಸಸನ್ನು ತಂದುಕೊಟ್ಟರೆಂದು ಎಲ್ಲರೂ ಉದಾಹರಿಸುತ್ತಾರೆ. ಅದೇ ಟೆಕ್ಸಸಿನ ಲಾಯ್ಡ್ ಬೆಂಟ್ಸನ್ 1988ರಲ್ಲಿ ತರಲಾಗಲಿಲ್ಲ, 2004ರಲ್ಲಿ ಜಾನ್ ಎಡ್ವರ್ಡ್ಸ್ ನಾರ್ತ್ ಕೆರೊಲಿನಾವನ್ನಾಗಲಿ, 2012ರಲ್ಲಿ ಪಾಲ್ ರಯಾನ್ ವಿಸ್ಕಾನ್ಸಿನ್ನನ್ನಾಗಲಿ ತರಲಿಲ್ಲ. ರಾಜ್ಯದ ವಿಚಾರದಲ್ಲಿ ನಿಜಕ್ಕೂ ನೋಡಬೇಕಾದದ್ದು ಸಂವಿಧಾನದ 12ನೆಯ ತಿದ್ದುಪಡಿ: ಒಂದು ರಾಜ್ಯದ ಚುನಾಯಕರು, ಅಂದರೆ ಆ ರಾಜ್ಯದ ಪರವಾಗಿ ಅಧ್ಯಕ್ಷ, ಉಪಾಧ್ಯಕ್ಷರಿಗೆ ವಿಧ್ಯುಕ್ತವಾಗಿ ಮತ ಹಾಕುವ ಪ್ರತಿನಿಧಿಗಳು, ಎರಡೂ ಸ್ಥಾನಗಳಿಗೆ ತಮ್ಮದೇ ರಾಜ್ಯದ ನಿವಾಸಿಗಳಿಗೆ ಮತ ಹಾಕುವಂತಿಲ್ಲ. 2000ದಲ್ಲಿ ಟೆಕ್ಸಸಿನ ಗವರ್ನರ್ ಜಾರ್ಜ್ ಬುಷ್ ಅವರಿಗಾಗಿ ಜೊತೆ ಅಭ್ಯರ್ಥಿಯನ್ನು ಹುಡುಕುವ ಹೊಣೆ ಹೊತ್ತಿದ್ದ ಡಿಕ್ ಚೇನಿ, ಕೊನೆಗೆ ತಾವೇ ಆ ಅಭ್ಯರ್ಥಿಯಾದರು. ಅವರೂ ಟೆಕ್ಸಸಿನಲ್ಲಿ ವಾಸವಾಗಿದ್ದರಿಂದ ಘೋಷಣೆಗೆ ಕೆಲವೇ ದಿನ ಮೊದಲು ವಯೋಮಿಂಗಿಗೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದರು. ಬುಷ್‌ಗೆ ಬಂದದ್ದು 271 ಚುನಾಯಕ ಮತ, ಬೇಕಿದ್ದದ್ದು 270. ಟೆಕ್ಸಸಿನ 32 ಮತ ಚೇನಿಗೆ ಬರದಿದ್ದರೆ ಅವರಿಗೆ ಬಹುಮತವೇ ಸಿಗುತ್ತಿರಲಿಲ್ಲ.

ಅಧ್ಯಕ್ಷೀಯ ಅಭ್ಯರ್ಥಿಯನ್ನು ನಾನು ಎದುರಿನಿಂದ ಕಂಡದ್ದು ಒಮ್ಮೆ ಮಾತ್ರ, ಸುಮಾರು ಇಪ್ಪತ್ತು ನಿಮಿಷ. ತಂಡದ ಮುಖ್ಯಸ್ಥೆಯಾಗಿದ್ದ ಹಿರಿಯ ವಕೀಲೆಯವರು ಒಬ್ಬೊಬ್ಬರ ಕುರಿತ ವರದಿಯನ್ನೂ ಮುಂದಿಟ್ಟರು. ತೆರಿಗೆಯ ಭಾಗ ಬಂದಾಗಷ್ಟೇ ನಾನು ಬಾಯಿ ಬಿಡಬೇಕಿತ್ತು. ಫಾರ್ಮ್‌ಗಳ ಸಂಖ್ಯೆ ಹೇಳುತ್ತ ಹೋದಾಗ ಅವರು ಕೈಯೆತ್ತಿ ತಡೆದು, ಇದನ್ನು ಟೀವಿಯಲ್ಲಿ ಯಾರಾದರೂ ಕೇಳಿದರೆ ಒಂದೇ ವಾಕ್ಯದಲ್ಲಿ ಏನು ಹೇಳಬೇಕು, ಅದನ್ನು ಬರೆದುಕೊಡಿ ಎಂದರು. ಆಮೇಲೆ ವಕೀಲೆಯವರತ್ತ ತಿರುಗಿ ಕೇಳಿದ್ದು ಕಾಗದಕ್ಕೆ ಸಂಬಂಧಿಸಿದ್ದಲ್ಲ: ಇವರಲ್ಲಿ ಯಾರು ನನ್ನ ಮುಖಕ್ಕೆ ‘ಇದು ತಪ್ಪು’ ಎಂದು ಹೇಳಬಲ್ಲರು? ವಕೀಲೆಯವರು ಹ್ಯಾರಿ ಟ್ರೂಮನ್ ಅವರ ನೆನಪು ಮಾಡಿಕೊಟ್ಟರು. ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನಗಳಾಗಿದ್ದಾಗ ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬಿನ ಯೋಜನೆಯ ವಿವರಗಳು ಅವರಿಗೆ ತಿಳಿದದ್ದು ಅಧ್ಯಕ್ಷರಾದ ಬಳಿಕ. ಹೀಗೆ ಅಧ್ಯಕ್ಷರ ಸಾವಿನಿಂದಲೋ ರಾಜೀನಾಮೆಯಿಂದಲೋ ಒಂಬತ್ತು ಮಂದಿ ಉಪಾಧ್ಯಕ್ಷರು ಆ ಕುರ್ಚಿಗೆ ಏರಿದ್ದಾರೆ. ಅಭ್ಯರ್ಥಿ ಏನೂ ಹೇಳದೆ ತಲೆಯಾಡಿಸಿದರು.

ಮರುದಿನ ಎಲ್ಲ ಪ್ರತಿಗಳನ್ನೂ ಎಣಿಸಿ ಚೂರು ಮಾಡುವ ಯಂತ್ರಕ್ಕೆ ಹಾಕಿದರು. ನನ್ನ ಟಿಪ್ಪಣಿ ಪುಸ್ತಕವನ್ನೂ ಕೇಳಿದರು. ವಕೀಲೆಯವರು ಎರಡು ಪುಟ ತಿರುವಿ, ಇದನ್ನು ಇಲ್ಲಿ ಯಾರೂ ಓದಲಾರರಲ್ಲ ಎಂದು ನಕ್ಕರು. ಆದರೂ ತಾವೇ ಒಂದೊಂದು ಹಾಳೆ ಹರಿದು ಯಂತ್ರಕ್ಕೆ ಕೊಟ್ಟರು.

ಆಯ್ಕೆಯಾದವರ ಹೆಸರು ನನಗೆ ತಿಳಿದದ್ದು ಒಂದು ವಾರದ ನಂತರ, ಕಾರಿನ ಟೈರ್ ಬದಲಿಸುವ ಅಂಗಡಿಯ ಟೀವಿಯಲ್ಲಿ. ಹೊನ್ನೆಯೂ ಅಲ್ಲ, ನಾನು ಮೇಲೆಂದು ಎಣಿಸಿದ್ದ ತೇಗವೂ ಅಲ್ಲ, ಮತ್ತಿ. ಸಂಜೆಯ ಹೊತ್ತಿಗೆ ತೆರಿಗೆ ಪತ್ರಗಳನ್ನು ಪ್ರಕಟಿಸಿದರು. ಪತ್ರಿಕಾಗೋಷ್ಠಿಯಲ್ಲಿ ಎರಡನೆಯ ಪ್ರಶ್ನೆಯೇ ನಾನು ಗುರುತು ಹಾಕಿದ್ದ ಸಾಲಿನ ಮೇಲೆ ಬಂದಿತು. ಮತ್ತಿಯವರು ತಡವರಿಸದೆ ಒಂದು ವಾಕ್ಯದಲ್ಲಿ ಉತ್ತರ ಕೊಟ್ಟರು. ನಾನು ಬರೆದುಕೊಟ್ಟ ವಾಕ್ಯದಲ್ಲಿ ಎರಡು ಪದ ಮಾತ್ರ ಬದಲಾಗಿದ್ದವು.